ಒಂದು ಕೂಗಿನ ದೂರ

ಬಿಳಿ ಬೈರಾಸು ಒಮ್ಮೆ ಮೇಲೆ ಹೋಗಿ ಪಟ್ಟನೆ ಕೆಳಗೆ ಬಂತು, ಅಷ್ಟೆ, ರಸ್ತೆಯ ಆಚೆ ಬದಿ ಹಕೀಮನ ಬಟ್ಟೆ ಅಂಗಡಿಯ ಜಗಲಿಯಲ್ಲಿ, ಯಾರೋ ಹೆಗಲ ಬಟ್ಟೆಯ ಧೂಳು ಕೊಡವಿದ್ದು, ಯಾರನ್ನೂ ಕರೆದದ್ದಲ್ಲ, ಆದರೂ ನನ್ನ ಕೈ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡಿತು, ಎಂಥ ಕೈಯೋ ಇದು, ಕುಂಬ್ರದ ಕೌಸಲ್ಯಾ ಟೀಚರ್ ಬಂದರು ಅಂದರೆ ನಾಲ್ಕನೇ ಕ್ಲಾಸಿನ ಪುಂಡರೆಲ್ಲ ಬಾಯಿ ಮುಚ್ಚುತ್ತಾರೆ, ಟೀಚರಿನ ಕೈ ಮಾತ್ರ ಒಂದು ಬೈರಾಸಿಗೆ ಹೆದರುತ್ತದೆ. ಪುತ್ತೂರಿನ ಬಸ್ಸು ಇನ್ನೂ ಇಲ್ಲ. ಅಂಗಡಿಯ ಒಳಗೆ ಬೆಂಚಿನ ಮೇಲೆ ಮೈಮೂನಾ ಕೂತಿದ್ದಾಳೆ, ಹಕೀಮನ ತಂಗಿ, ನನ್ನ ಜೊತೆ ಟೀಚರ್ ಟ್ರೈನಿಂಗ್ ಮಾಡಿದವಳು, ಗಂಡನ ಮನೆಯಿಂದ ಎರಡು ದಿನಕ್ಕೆ ಬಂದವಳು, ಈಗಷ್ಟೇ ಅವಳ ಹತ್ತಿರ ಚಾ ಕುಡಿದು ಎದ್ದು ಬಂದೆ, ಒಂಬತ್ತು ವರ್ಷದಿಂದ ಹೇಳುತ್ತಿರುವುದನ್ನೇ ಇವತ್ತೂ ಹೇಳಿದೆ, ಉಸಿರೇ ಇರಲಿಲ್ಲ ಮಾರಾಯ್ತಿ, ಎಲ್ಲಿಂದ ಕೂಗುದು, ಆಗ ಅವಳು ಲೋಟ ಕೆಳಗಿಟ್ಟು ಒಂದು ಮಾತು ಹೇಳಿದಳು — ಬೇಡ, ಅದನ್ನು ಆಮೇಲೆ ನೋಡೋಣ, ಬಸ್ಸು ಬರಲಿ.

ಒಂದು ಗುಡ್ಡ ಹತ್ತಿದರೆ ಆಯಿತು, ಅಲ್ಲಿಂದ ಒಂದು ಕೂಗಿನ ದೂರ ನಮ್ಮ ಮನೆ, ಹೀಗೆ ಬರೆದಿದ್ದಳು ಪೂವಮ್ಮ, ಟ್ರೈನಿಂಗಿನಲ್ಲಿ ಎರಡು ವರ್ಷ ನಮ್ಮ ಜೊತೆಗಿದ್ದ ಗುತ್ತಿಗಾರಿನ ಪೂವಮ್ಮ, ಐವತ್ತೆಂಟರ ದಸರಾ ರಜೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಮೂವರೂ ಬನ್ನಿ, ಮೂವರು ಅಂದರೆ ನಾನು, ಮೈಮೂನಾ, ಮತ್ತೆ ನಗದೆ ಐದು ನಿಮಿಷ ಇರಲಾರದ ಗೋದಾವರಿ. ನಮಗೆ ಕೂಗಿನ ದೂರ ಅಂದರೆ ಬಾವಿಕಟ್ಟೆಯಿಂದ ಅಡುಗೆಮನೆ. ಗುಡ್ಡದವರ ಕೂಗು ಕಣಿವೆಯ ಮೇಲಿಂದ ಸೀದಾ ಆಚೆ ಬದಿಗೆ ಹೋಗಿ ಇಳಿಯುತ್ತದೆ, ಕೂಗಿಗೆ ಕಾಲಿಲ್ಲ, ಕಾಲಿದ್ದವರು ಇಳಿಯಬೇಕು, ತೋಡಿನ ನೀರು ದಾಟಬೇಕು, ಮತ್ತೆ ಹತ್ತಬೇಕು, ಹುಟ್ಟಿದಾಗಿನಿಂದ ಹತ್ತಿ ಇಳಿದವಳಿಗೆ ಇದನ್ನೆಲ್ಲ ಬರೆಯಬೇಕು ಅಂತ ಹೊಳೆಯಲೇ ಇಲ್ಲ. ಹಾಗಾಗಿ ನಾನು ಹೊಸ ಚಪ್ಪಲಿ ಹಾಕಿದೆ, ಗೋದಾವರಿ ಇಸ್ತ್ರಿ ಮಾಡಿದ ಸೀರೆ ಉಟ್ಟಳು, ಮೈಮೂನಾ ಒಂದು ಡಬ್ಬಿ ಹಲ್ವ ಹಿಡಿದುಕೊಂಡಳು, ನೀರು ಯಾರೂ ತರಲಿಲ್ಲ. ಕಾಗದದ ಎರಡನೇ ಹಾಳೆ ನನ್ನ ರವಿಕೆಯ ಒಳಗಿತ್ತು, ಅದು ನನಗೊಬ್ಬಳಿಗೆ. ಅಣ್ಣನಿಗೆ ನಿನ್ನ ಮೇಲೆ ಮನಸ್ಸುಂಟು ಕೌಸಲ್ಯಾ, ಗುಡ್ಡದ ಮೇಲೆ ಒಂದು ಹಾಸುಗಲ್ಲು ಉಂಟು, ಅಲ್ಲಿ ನೆಂಟರು ಕಂಡ ಕೂಡಲೇ ಮನೆಯವರು ಅಂಗಳದಲ್ಲಿ ನಿಂತು ಮೂರು ಸಲ ಕೂ ಹಾಕುದು ನಮ್ಮಲ್ಲಿ ಕ್ರಮ, ನೆಂಟರು ತಿರುಗಿ ಒಂದು ಕೂ ಹಾಕಬೇಕು, ಆ ಒಂದನ್ನು ನೀನು ಹಾಕು, ನಿನ್ನ ಸ್ವರ ಅವನಿಗೆ ಗೊತ್ತುಂಟು, ನೀನು ಹಾಕಿದರೆ ಅವತ್ತೇ ಅಪ್ಪನ ಹತ್ತಿರ ಮಾತಾಡ್ತಾನಂತೆ, ಜಾತಿ ಬೇರೆ ಅಂತ ಯಾರು ಎಂತ ಹೇಳಿದ್ರೂ ಬಿಡುದಿಲ್ಲಂತೆ, ಹಾಕದಿದ್ರೆ ಮತ್ತೆ ಆ ಮಾತೇ ಇಲ್ಲಂತೆ.

ತೀರ್ಥರಾಮ, ಪೂವಮ್ಮನ ಅಣ್ಣ. ಹಾಸ್ಟೆಲಿನ ಗೇಟಿನ ಹೊರಗೆ, ಹೆಗಲ ಮೇಲೆ ಬಿಳಿ ಬೈರಾಸು, ಕೈಯಲ್ಲಿ ಜೇನಿನ ಬಾಟ್ಲಿ, ಮೇಣ ಸೋಸ್ಬೇಡಿ, ಅದ್ರಲ್ಲೇ ರುಚಿ ಇರುದು, ನಾನು ಹೇಳಿದೆ, ಮೇಣ ತಿಂದ್ರೆ ಹಲ್ಲಿಗೆ ಅಂಟುದಿಲ್ವಾ, ಅವನು ಯೋಚನೆ ಮಾಡಿ, ನಿಜವಾಗಿ ಯೋಚನೆ ಮಾಡಿ, ಅಂಟ್ತದೆ, ಎಂದ. ಎಲ್ಲ ಸೇರಿ ನಾಲ್ಕು ಸಲ ಮಾತಾಡಿದ್ದು. ನಾಲ್ಕೇ ಸಲ ಮಾತಾಡಿದವನಿಗಾಗಿ ಒಂದು ವಾರ ಬಚ್ಚಲುಮನೆಯಲ್ಲಿ ಹಂಡೆಗೆ ನೀರು ಸುರಿಯುವ ಸದ್ದಿನ ಅಡಿಯಲ್ಲಿ ಕೂ ಹಾಕಿ ಅಭ್ಯಾಸ ಮಾಡಿದವಳು ನಾನು, ಹೊರಗಿನಿಂದ ಅಮ್ಮ, ಎಂತ ಆಯ್ತೇ, ಬಿಸಿನೀರು ಬಿತ್ತಾ, ಇಲ್ಲಮ್ಮ, ಏನಿಲ್ಲ, ಮತ್ತೆ ಮೆಲ್ಲಗೆ ಕೂ. ಬೇಕಿತ್ತು ನನಗೆ. ಅವನು ನನಗೆ ಬೇಕಿತ್ತು, ಈಗಲೂ ಜೇನು ಅಂದರೆ ಮೊದಲು ನೆನಪಾಗುವುದು ಮೇಣ.

ಗುಡ್ಡವಾ ಅದು, ಮೂರು ಗಂಟೆ, ಒಂದು ತಿರುವು ಮುಗಿದರೆ ಇನ್ನೊಂದು ಏರು, ಬಿದಿರಿನ ಮೆಳೆ, ದಾರಿಯ ಮಧ್ಯೆ ಆನೆಯ ಲದ್ದಿ, ಗೋದಾವರಿ ಅದನ್ನು ನೋಡಿ ನಗುವುದನ್ನು ನಿಲ್ಲಿಸಿದಳು, ಮೈಮೂನಾಳ ಕಾಲಿಗೆ ಜಿಗಣೆ ಹತ್ತಿ ರಕ್ತ ಇಳಿಯಿತು, ನನ್ನ ಹೊಸ ಚಪ್ಪಲಿಯ ಬಾರು ಕಿತ್ತುಹೋಗಿ ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದೆ, ಎದುರಿಗೆ ಸೌದೆಯ ಹೊರೆ ಹೊತ್ತು ಇಳಿದು ಬಂದ ಹೆಂಗಸನ್ನು ಇನ್ನೆಷ್ಟು ದೂರ ಅಂತ ಕೇಳಿದರೆ, ಓ, ಕಲ್ಲು ಇಲ್ಲೇ, ಅಲ್ಲಿಂದ ಒಂದು ಕೂಗು, ಅವಳೂ ಹಾಗೇ. ಪೂವಮ್ಮನ ಮನೆ ಮಡಿಕೇರಿಯಲ್ಲಾ ಮಾರಾಯ್ತಿ, ಹಲ್ವ ಇಲ್ಲೇ ತಿಂದು ವಾಪಸು ಹೋಗುವ, ಅಂದಳು ಗೋದಾವರಿ, ಬಂಡೆಯ ಮೇಲೆ ಕಾಲು ಚಾಚಿ ಕೂತು, ನಾನು ಅವಳ ರಟ್ಟೆ ಹಿಡಿದು ಎಳೆದೆ, ನಡಿ, ನಡಿ, ನಿನಗೆಂತ ಅವಸರ, ಅಂದಳು, ಹಸಿವು, ಅಂತ ಸುಳ್ಳು ಹೇಳಿದೆ, ರವಿಕೆಯ ಒಳಗಿನ ಹಾಳೆ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು, ಅಕ್ಷರ ಅಳಿಸಿತೋ ಏನೋ ಅಂತ ಆ ಏರಿನಲ್ಲೂ ಚಿಂತೆ, ಅಳಿಸಿದರೇನು, ಬಾಯಿಪಾಠ ಆಗಿತ್ತು.

ಕಲ್ಲಿನ ಮೇಲೆ ಬಂದಾಗ ಮೊದಲು ಗಾಳಿ. ಆಮೇಲೆ ಕಣಿವೆ, ಅಬ್ಬಾ ಎಷ್ಟು ಆಳ, ಆಚೆ ಬದಿಯಲ್ಲಿ ಬೆಂಕಿಪೆಟ್ಟಿಗೆಯಷ್ಟು ಮನೆ, ಅಂಗಳದ ತುದಿಯಲ್ಲಿ ಅವನು, ಮುಖ ಕಾಣದು, ಎತ್ತಿ ಹಿಡಿದ ಬೈರಾಸು ಕಾಣುತ್ತದೆ, ಬೆಳಗಿನಿಂದ ಅಲ್ಲೇ ನಿಂತಿದ್ದನಂತೆ, ಪೂವಮ್ಮ ಆಮೇಲೆ ಹೇಳಿದ್ದು. ಕೂ— ಮೊದಲನೆಯದು ಬಂತು, ನನ್ನ ಎದೆ ತಿದಿಯಂತೆ ಏರಿಳಿಯುತ್ತಿತ್ತು, ಬಾಯಿ ತೆರೆದೆ, ಬರೀ ಗಾಳಿ, ಸ್ವರ ಇಲ್ಲ, ಇದು ಸತ್ಯ, ಇಷ್ಟು ಸತ್ಯ. ಕೂ— ಎರಡನೆಯದು, ಆಗ ಅಪ್ಪ ಕಂಡರು, ಆ ಕಾಡಿನ ಮಧ್ಯೆ ಅಪ್ಪ, ಚಿಕ್ಕಮ್ಮನ ಮಗಳು ಬೇರೆ ಜಾತಿಯವನನ್ನು ಮದುವೆಯಾದಳು ಅಂತ ಕಾಗದ ಬಂದ ದಿನ ಅರ್ಧ ಊಟದ ಎಲೆ ಬಿಟ್ಟು ಎದ್ದುಹೋದ ಅಪ್ಪ, ಎಲೆಯ ಮೇಲೆ ಸಾರು ಕಲಸಿದ ಅನ್ನ ಹಾಗೇ, ಆ ಹುಡುಗಿಯ ಹೆಸರು ನಮ್ಮ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಗೋದಾವರಿ ಪಕ್ಕಕ್ಕೆ ಬಂದಳು, ಅವಳಿಗೆ ಎಂತದೂ ಗೊತ್ತಿಲ್ಲ ಪಾಪ, ನಿನಗೆ ಆಗದಿದ್ರೆ ನಾನು ಹಾಕ್ತೇನೆ ಮಾರಾಯ್ತಿ, ಅಂತ ಕೈಯನ್ನು ಬಾಯಿಯ ಬದಿಗೆ ಇಟ್ಟಳು, ನಾನು ಆ ಕೈ ಹಿಡಿದೆ. ಕೂ— ಮೂರನೆಯದು. ಕಣಿವೆ ಸುಮ್ಮನಾಯಿತು.

ಅಲ್ಲಿಂದ ಮನೆ ಮುಟ್ಟಲು ಮತ್ತೆ ಎರಡು ಗಂಟೆ, ಒಂದು ಕೂಗಿನ ದೂರ, ನಾವು ಮುಟ್ಟುವಾಗ ಅವನು ಇಲ್ಲ, ಅಣ್ಣ ಕಡಬಕ್ಕೆ ಹೋದ, ಕೆಲಸ ಉಂಟಂತೆ, ಪೂವಮ್ಮ ನನ್ನ ಮುಖ ನೋಡದೆ ಬಡಿಸಿದಳು, ಹಿತ್ತಿಲಲ್ಲಿ ಕೈ ತೊಳೆಯುವಾಗ ನಾನು ಹೇಳಿದೆ, ಉಸಿರಿರಲಿಲ್ಲ ಪೂವಮ್ಮ, ಅವನಿಗೆ ಹೇಳು, ಅವಳು ಚೊಂಬು ಹಿಡಿದು ನಿಂತು, ಹೇಳ್ತೇನೆ, ಆದರೆ ನೀನು ಒಂದು ಕಾಗದ ಬರಿ, ನಾನು ಹೇಳಿದ್ರೆ ಸಾಲುದಿಲ್ಲ. ಬರೆಯಲಿಲ್ಲ. ಮೂರು ಸಲ ಶಾಯಿ ತುಂಬಿಸಿಕೊಂಡು ಕೂತೆ, ಬರೆಯಲಿಲ್ಲ, ಮುಂದಿನ ಬೇಸಗೆಗೆ ಅವನ ಮದುವೆಯ ಕಾಗದ ಬಂತು. ಅಪ್ಪ ತೀರಿಕೊಂಡು ಐದು ವರ್ಷ, ಕೊನೆಯವರೆಗೂ ಎಲೆಯ ಮೇಲೆ ಒಂದಗುಳು ಬಿಡದೆ ಉಂಡರು, ನಾನೇ ಬಡಿಸಿದ್ದು.

ಬಸ್ಸಿನ ಸದ್ದು, ಅಲ್ಲ, ಲಾರಿ. ಮೈಮೂನಾ ಅಂಗಡಿಯಿಂದ ಇಣುಕಿ ಕೈ ಬೀಸುತ್ತಾಳೆ, ನಾನೂ ಬೀಸಿದೆ, ಅವಳು ಬೇಕಂತ ಹೇಳಿದ್ದಲ್ಲ, ಕೆಟ್ಟ ಮನಸ್ಸಿನವಳಲ್ಲ, ಲೋಟ ಕೆಳಗಿಟ್ಟು ನೆನಪಾದದ್ದನ್ನು ನೆನಪಾದ ಹಾಗೆ ಹೇಳಿದಳು, ಉಸಿರಿಲ್ಲದೆ ಎಂತ ಕೌಸಲ್ಯಾ, ಗೋದಾವರಿ ಕೂ ಹಾಕ್ಲಿಕ್ಕೆ ಹೊರಟಾಗ ಬೇಡ ಅಂತ ನೀನು ಬೊಬ್ಬೆ ಹಾಕಿದ್ದಲ್ವಾ, ನಾನು ಕೆಳಗೆ ತಿರುವಿನಲ್ಲಿ ಜಿಗಣೆ ಕೀಳ್ತಾ ಇದ್ದೆ, ನನಗೆ ಅಲ್ಲಿಗೆ ಕೇಳಿತ್ತು. ಅಲ್ಲಿಗೆ ಕೇಳಿತ್ತು. ಹಾಗಾದರೆ ಎರಡನೆಯ ಕೂಗಿಗೂ ಮೂರನೆಯ ಕೂಗಿಗೂ ಮಧ್ಯೆ ನನಗೆ ಸ್ವರ ಬಂದಿತ್ತು, ಗುಡ್ಡದ ಕೆಳಗಿನ ತಿರುವಿನವರೆಗೆ ಹೋಗುವಷ್ಟು, ಕಣಿವೆ ದಾಟುವಷ್ಟು — ಬೇಡ ಅಂದದ್ದು ಅವನಿಗೂ ಕೇಳಿತೋ — ಬೆಂಕಿಪೆಟ್ಟಿಗೆಯಷ್ಟು ಮನೆ, ಅಂಗಳದ ತುದಿ, ಎತ್ತಿ ಹಿಡಿದ ಕೈ, ಬಿಳಿ ಬೈರಾಸು, ಅದು ಒಂದು ಕ್ಷಣ ಹಾಗೇ ಮೇಲೆ ನಿಂತಿತು, ಆಮೇಲೆ ಮೆಲ್ಲಗೆ ಕೆಳಗೆ ಬಂತು, ಮೆಲ್ಲಗೆ, ಕೆಳಗೆ ಬಂತು.