ಮುದಿಯಪ್ಪನ ಮಣ್ಣು

"ಕೈ ಹಿಂದಕ್ಕ ತಗಿ!" ಎಂದು ಕೂಗಿ ಫಕೀರಮ್ಮ ಕೊಟ್ರೇಶನ ರಟ್ಟೆ ಹಿಡಿದಳು.

ಹೂಳಲು ತೋಡಿದ ಕುಣಿಯೊಳಗೆ ಅವಳ ತಮ್ಮ ಮುದಿಯಪ್ಪ ಮಲಗಿದ್ದ. ಬೇವೂರಿನ ಮಂದಿ ಒಬ್ಬೊಬ್ಬರಾಗಿ ಮೂರು ಮುಷ್ಟಿ ಮಣ್ಣು ಹಾಕಿ ಹೋಗುವ ಹೊತ್ತು. ಸಾಲಿನ ಮುಂದೆ ಅಂಗಡಿಯ ಕೊಟ್ರೇಶನೇ ನಿಂತಿದ್ದ, ಬಿಳಿ ಅಂಗಿ ತೊಟ್ಟುಕೊಂಡು. ಬೆಳಿಗ್ಗೆ ಮೊಬೈಲಿನಲ್ಲಿ ಮುದಿಯಪ್ಪನ ಫೋಟೋ ಹಾಕಿ 'ನಮ್ಮೂರಿನ ಮುಗ್ಧ ಜೀವ' ಎಂದು ಬರೆದವನೂ ಇವನೇ.

"ಯಕ್ಕಾ, ಮಣ್ಣಿನ ಹೊತ್ತಿನ್ಯಾಗ ಜಗಳ ಬ್ಯಾಡ."

"ಜಗಳ ಅಲ್ಲ. ಒಂದು ಮಾತು ಹೇಳಿ ಹಾಕು. ಅವತ್ತು ವಿಮಾನ ನಿಲ್ದಾಣದಾಗ ನನ್ನ ತಮ್ಮನ ಕೈಯಾಗ ಇದ್ದದ್ದು ಏನು?"

ಕೊಟ್ರೇಶ ಮುಷ್ಟಿಯಲ್ಲಿದ್ದ ಮಣ್ಣನ್ನು ಬಿಗಿಹಿಡಿದ.

*

ಇಪ್ಪತ್ತೆರಡು ವರ್ಷ ಮುದಿಯಪ್ಪ ಊರಿನ ನೀರುಗಂಟಿ. ಎರಡು ಮೊಳದ ಕಬ್ಬಿಣದ ಕೀಲಿಯಿಂದ ವಾಲ್ವು ತಿರುವಿ ಓಣಿ ಓಣಿಗೆ ನೀರು ಬಿಡುತ್ತಿದ್ದ. ಮನಸ್ಸಿನ ಕಾಯಿಲೆ ಹತ್ತಿದ ಮೇಲೆ, ಎಲ್ಲೋ ನೀರು ಸೋರುತ್ತಿದೆ ಎಂದು ಆ ಕೀಲಿ ತಬ್ಬಿಕೊಂಡೇ ಮಲಗತೊಡಗಿದ.

ಹೋದ ಬೇಸಿಗೆಯಲ್ಲಿ ಫಕೀರಮ್ಮ ಅವನನ್ನು ಕೀಲಿ ಸಮೇತ ದೂರದ ಶಹರದ ಡಾಕ್ಟರ ಹತ್ತಿರ ಕರೆದೊಯ್ದಳು. ಅವಳು ಚೀಟಿಗೆ ಸರದಿಯಲ್ಲಿ ನಿಂತಾಗ ಇವನು ನಡೆದೇಬಿಟ್ಟ. ವಿಮಾನ ನಿಲ್ದಾಣದ ಗೋಡೆ ಹಾರಿದ. ಮಟಮಟ ಮಧ್ಯಾಹ್ನದ ಬಿಸಿಲಿಗೆ ವಿಮಾನ ಇಳಿಯುವ ರಸ್ತೆ ನೀರು ನಿಂತ ಹಾಗೆ ಹೊಳೆಯುತ್ತಿತ್ತು. "ನೀರು ಹರದು ಹೊಂಟೈತ್ರಿ, ಬಂದ್ ಮಾಡ್ರಿ!" ಎನ್ನುತ್ತ ಕೀಲಿ ಎತ್ತಿ ಓಡಿದ. ಪೊಲೀಸರು ಕೆಡವಿ ಹಿಡಿದರು. ಡಾಕ್ಟರ ಕಾಗದ ನೋಡಿ ಎಂಟು ದಿನದಲ್ಲೇ ಬಿಟ್ಟರು ಕೂಡ.

ಬಿಡದವರು ಮೊಬೈಲಿನ ಮಂದಿ. ಅವನು ಓಡಿದ್ದನ್ನು ಯಾರೋ ಹಿಡಿದ ವಿಡಿಯೋ ನಾಡೆಲ್ಲ ಹರಿದಾಡಿತು. ಉಗ್ರಗಾಮಿ ಅಂದರು, ಹುಚ್ಚಿನ ನಾಟಕ ಅಂದರು, ಅಲ್ಲೇ ಗುಂಡು ಹೊಡೆಯಬೇಕಿತ್ತು ಅಂದರು. ಗುರುತಿಲ್ಲದವರು ಅಂದದ್ದು ಹಾಳಾಗಲಿ. ದಿನಾ ನಸುಕಿನಲ್ಲಿ ಅದೇ ಕೀಲಿಯ ಸಪ್ಪಳಕ್ಕೆ ಕೊಡ ಹಿಡಿದು ಬರುತ್ತಿದ್ದ ಕೊಟ್ರೇಶ ಬರೆದ: 'ಇವನು ಬೇವೂರಿನ ಮುದಿಯಪ್ಪ. ಕೈಯಲ್ಲಿರುವುದು ಆಯುಧ. ತನಿಖೆ ಆಗಲಿ.' ಅಲ್ಲಿಯವರೆಗೆ ಆ ವಿಡಿಯೋದವನಿಗೆ ಹೆಸರಿರಲಿಲ್ಲ.

ಆಮೇಲೆ ಮುದಿಯಪ್ಪ ಹೊಸ್ತಿಲು ದಾಟಲಿಲ್ಲ. ಜ್ವರ ಎದೆಗೆ ಇಳಿದಾಗಲೂ, "ಹೊರಗ ಮೊಬೈಲ್ ಹಿಡೀತಾರ, ದವಾಖಾನಿ ಬ್ಯಾಡ ಯಕ್ಕಾ," ಎಂದು ಕಂಬ ಹಿಡಿದು ಕೂತ. ಫಕೀರಮ್ಮನಿಗೆ ಆ ಕೈ ಬಿಡಿಸಲಾಗಲಿಲ್ಲ.

*

"ಹೇಳೋ! ಏನಿತ್ತು?"

ಓಣಿಯ ಹಿರಿಯ ಓಬಳೆಪ್ಪ ನಡುವೆ ಬಂದ. "ಬಿಡವಾ ತಂಗಿ. ತಿಳೀದ ಬರದಾನ."

"ತಿಳೀದ? ನೀರು ಒಂದ್ ತಾಸು ತಡ ಆದ್ರ ಆ ಕೀಲಿ ಕಸಗೊಂಡು ತಾನ ತಿರುವಾಕ ಬರ್ತಿದ್ದ! ಇವಗ ತಿಳೀಲಿಲ್ಲಂತ!" ಅವಳು ಸಾಲಿನತ್ತ ತಿರುಗಿದಳು. "ನೀವೂ ಅದಕ್ಕ ಲೈಕ್ ಒತ್ತಿದವರ ಅದೀರಿ. ನನ್ನ ಮಗಳು ಒಂದೊಂದ ಹೆಸರು ಓದಿ ಹೇಳ್ಯಾಳ."

ಸಾಲಿನಲ್ಲಿದ್ದವರು ನೆಲ ನೋಡಿದರು.

"ನೀರಿನ ಕೀಲಿ," ಎಂದ ಕೊಟ್ರೇಶ, ತುಟಿಯೊಳಗೇ.

"ಅವತ್ತು ನಾಡಿಗೆಲ್ಲ ಕೇಳೂಹಂಗ ಹೇಳಿದಿ. ಇವತ್ತು ಕುಣಿಗೂ ಕೇಳೂದಿಲ್ಲೇನು? ಮೊಬೈಲ್‌ನ್ಯಾಗ ಬರಿ. ಈಗ, ಇಲ್ಲೇ."

"ಈಗ ಹಂಗ ಬರದ್ರ ಮಂದಿ ನನಗ ಉಗುಳ್ತಾರ, ಯಕ್ಕಾ."

ಫಕೀರಮ್ಮ ಅವನ ರಟ್ಟೆ ಬಿಟ್ಟಳು. ಕುಣಿ ತೋಡಿದವನ ಕೈಯಿಂದ ಸಲಿಕೆ ಕಿತ್ತುಕೊಂಡಳು. ಸೆರಗನ್ನು ಸೊಂಟಕ್ಕೆ ಬಿಗಿದು, ಯಾರನ್ನೂ ಹತ್ತಿರ ಬಿಡದೆ, ಒಬ್ಬಳೇ ಮಣ್ಣು ಎಳೆದು ಹಾಕತೊಡಗಿದಳು. ಕುಣಿ ತುಂಬಿ ನೆಲಕ್ಕೆ ಸಮನಾದಾಗಲೂ ಕೊಟ್ರೇಶ ತನ್ನ ಪಾಲಿನ ಮಣ್ಣು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದ.