ಬೆಚ್ಚಗಿದ್ದ ಹಾಳೆ

"ಗುರುತಿನ ಚೀಟಿ?"

ಕೀಲಿಯಮ್ಮ ಬಾಗಿಲಿಗೆ ಅಡ್ಡ ನಿಂತು ಕೈ ಚಾಚಿದಳು. ಎದುರಿಗಿದ್ದವಳು ಅವಳ ಸ್ವಂತ ಸೊಸೆ. ಬೆಳಗ್ಗೆ ಇಬ್ಬರೂ ಒಂದೇ ಪಾತ್ರೆಯ ಕಾಫಿ ಹಂಚಿಕೊಂಡು ಕುಡಿದು, ಬಸ್ಸಿನ ಒಂದೇ ಸೀಟಿನಲ್ಲಿ ಒತ್ತಿಕೊಂಡು ಬಂದಿದ್ದರು. ಮಧ್ಯಾಹ್ನದ ಊಟದ ಡಬ್ಬಿಯೂ ಒಂದೇ. ಸೊಸೆ ಕೊರಳಲ್ಲಿದ್ದ ಚೀಟಿ ಎತ್ತಿ ತೋರಿಸಿದಳು. ಕೀಲಿಯಮ್ಮ ಫೋಟೋ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಅಲ್ಲಾ ರೀ, ಮನೆ ಸೊಸೆಯ ಗುರುತೂ ಸಿಗಲಿಲ್ವಾ ನಿಮಗೆ?" ಹಿಂದಿನಿಂದ ಸಾಹೇಬರು ನಕ್ಕರು.

"ಮನೇಲಿ ಸಿಗುತ್ತೆ ಸಾರ್. ಈ ಬಾಗಿಲಲ್ಲಿ ನನಗೆ ಯಾರ ಗುರುತೂ ಇಲ್ಲ. ಎಲ್ಲಿ, ನಿಮ್ಮದೂ ತೋರಿಸಿ."

ಸಾಹೇಬರು ನಗು ನುಂಗಿ ಜೇಬು ತಡಕಾಡಿದರು.

ಅದು ಲಿಫ್ಟ್ ತಯಾರಿಸುವ ಕಂಪನಿ. ಆಸ್ಪತ್ರೆ, ಆಫೀಸು, ವಸತಿ ಕಟ್ಟಡಗಳಲ್ಲೆಲ್ಲ ಅದರ ಲಿಫ್ಟುಗಳಿದ್ದವು. ಯಾರಾದರೂ ಒಳಗೆ ಸಿಕ್ಕಿಹಾಕಿಕೊಂಡು ಕೆಂಪು ಗುಂಡಿ ಒತ್ತಿದರೆ ಸುದ್ದಿ ಅಂತರ್ಜಾಲದ ಮೂಲಕ ಕಂಪನಿಯ ಸರ್ವರಿಗೆ ಬರಬೇಕು. ಆದರೆ ಅಂತರ್ಜಾಲದಲ್ಲಿ ಯಾವ ದಾರಿಹೋಕನೂ 'ನಾನೇ ಕಂಪನಿಯ ಸರ್ವರು' ಎಂದು ಎದೆ ತಟ್ಟಿಕೊಳ್ಳಬಹುದು. ಹಾಗಾಗಿ ಲಿಫ್ಟು ಮಾತು ಶುರುಮಾಡುವ ಮೊದಲು ಡಿಜಿಟಲ್ ಸರ್ಟಿಫಿಕೇಟ್ ಕೇಳುತ್ತದೆ, ಕೀಲಿಯಮ್ಮ ಬಾಗಿಲಲ್ಲಿ ಚೀಟಿ ಕೇಳಿದ ಹಾಗೆಯೇ. ಆ ಸರ್ಟಿಫಿಕೇಟಿಗೆ ಸಹಿ ಹಾಕುವ ಕೀಲಿ ಈ ಕಿಟಕಿಯಿಲ್ಲದ ಕೋಣೆಯಲ್ಲಿ, ಊಟದ ಡಬ್ಬಿಯಷ್ಟೇ ದೊಡ್ಡದಾದ ಪೆಟ್ಟಿಗೆಯೊಳಗಿತ್ತು. ಕೋಣೆಯಿಂದ ಹೊರಗೆ ಒಂದು ತಂತಿಯೂ ಹೋಗುತ್ತಿರಲಿಲ್ಲ. ಪೆಟ್ಟಿಗೆ ಎಚ್ಚರವಾಗಲು ಎರಡು ಕಾರ್ಡು ಬೇಕು: ಒಂದು ಸಾಹೇಬರದು, ಇನ್ನೊಂದು ಕೀಲಿಯಮ್ಮನದು. ಆ ಹೆಸರು ಬಂದದ್ದೂ ಅದರಿಂದಲೇ. ಮೂರನೆಯವರು ಸಾಕ್ಷಿ. ಸಾಕ್ಷಿಯ ಕೈಯಲ್ಲಿ ಕಾರ್ಡಿಲ್ಲ, ಬಾಯಲ್ಲಿ ಒಂದು ಮಾತಿದೆ. 'ನಿಲ್ಲಿಸಿ' ಎಂದರೆ ಎಲ್ಲವೂ ನಿಲ್ಲಬೇಕು.

ಕೀಲಿಯಮ್ಮ ಕಾರ್ಡು ಹಿಡಿದಂದಿನಿಂದ ಆ ಮಾತು ಒಮ್ಮೆಯೂ ಬಂದಿರಲಿಲ್ಲ. ಅದು ಅವಳ ಹೆಮ್ಮೆ.

ಸೊಸೆಯನ್ನು ಸಾಕ್ಷಿಯ ಕೆಲಸಕ್ಕೆ ಸೂಚಿಸಿದವಳು ಅವಳೇ. ಹುಡುಗಿ ಇದೇ ವಿಷಯ ಓದಿ ವಿಶ್ವವಿದ್ಯಾಲಯದಿಂದ ಬಂದವಳು. ಆದರೆ ಗಂಡ, ಅಂದರೆ ಕೀಲಿಯಮ್ಮನ ಮಗ, ತೀರಿಕೊಂಡ ಮೇಲೆ ಅವಳ ಬಾಯಲ್ಲಿ 'ಸರಿ ಅತ್ತೆ' ಬಿಟ್ಟರೆ ಬೇರೆ ಮಾತಿರಲಿಲ್ಲ. ಅಡುಗೆಗೆ ಉಪ್ಪು ಮರೆತರೂ ಸರಿ, ಸೆಕೆಯಲ್ಲಿ ಫ್ಯಾನು ನಿಂತರೂ ಸರಿ. ಅಳುವೂ ಇಲ್ಲ, ಜಗಳವೂ ಇಲ್ಲ. ಸಾಕ್ಷಿಯ ಕೆಲಸವೆಂದರೆ 'ಬೇಡ' ಎನ್ನುವುದು. ಇವಳು ಬೇಡ ಎನ್ನುವುದನ್ನೇ ಮರೆತವಳು. ಪಾಪ ಅಂತ ತಂದು ಕೂರಿಸಿದ್ದಾರೆ ಎಂದು ಆಫೀಸಿನಲ್ಲಿ ಗುಸುಗುಸು ಎದ್ದಿತ್ತು. ಸಾಹೇಬರಿಗೆ ಮಾತ್ರ ಖುಷಿ. "ತಲೆ ಆಡಿಸ್ಕೊಂಡು ಇರ್ತಾರೆ. ನಮಗೆ ಇನ್ನೇನು ಬೇಕು?" ಎಂದಿದ್ದರು. ಆ ಮಾತು ಕೀಲಿಯಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಸೊಸೆ ಸಾಕ್ಷಿಯಾಗಿ ಕೂರುವುದು ಇವತ್ತು ಮೊದಲ ಸಲ. ಇವತ್ತು ಬರೀ ತಲೆಯಾಡಿಸಿದರೆ ಆಡಿಕೊಳ್ಳುವವರ ಮಾತೇ ಗೆಲ್ಲುತ್ತದೆ.

ಹಳೆಯ ಸರ್ಟಿಫಿಕೇಟಿನ ಅವಧಿ ಸಂಜೆಗೆ ಮುಗಿಯಲಿತ್ತು. ಹೊಸದನ್ನು ಕೋರಿ ಸರ್ವರ್ ವಿಭಾಗದ ಫೈಲು ಪೆನ್ ಡ್ರೈವಿನಲ್ಲಿ ಬಂದಿತ್ತು. ಪ್ರತಿ ಫೈಲಿಗೂ ಒಂದು ಬೆರಳಚ್ಚು ಇರುತ್ತದೆ, ಅಂಕಿ ಅಕ್ಷರಗಳ ಉದ್ದನೆಯ ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬದಲಾಗುತ್ತದೆ. ಆ ಬೆರಳಚ್ಚು ಕಾಗದದ ಮೇಲೆ, ಅಂಟಿಸಿದ ಲಕೋಟೆಯಲ್ಲಿ, ಬೇರೆಯೇ ಕೈಯಿಂದ ಬರಬೇಕಿತ್ತು. ತರಬೇಕಾದ ಸರ್ವರ್ ವಿಭಾಗದವನು ಹಲ್ಲು ಕೀಳಿಸಲು ಹೋಗಿದ್ದ.

"ಫೈಲು ಡ್ರೈವಲ್ಲೇ ಇದೆಯಲ್ಲ ರೀ. ಅದರಿಂದಲೇ ಬೆರಳಚ್ಚು ತೆಗೆದು ಒಂದು ಪ್ರಿಂಟ್ ಹಾಕಿ, ಮುಗೀತು," ಎಂದರು ಸಾಹೇಬರು. ಸೊಸೆ ಮೊಬೈಲನ್ನು ಹೊರಗಿನ ಕಪಾಟಿನಲ್ಲಿಟ್ಟು ಬರುವಷ್ಟರಲ್ಲಿ ಕೀಲಿಯಮ್ಮ ಗಡಿಯಾರ ನೋಡಿ, ಪ್ರಿಂಟ್ ಹಾಕಿಬಿಟ್ಟಳು.

ಕೆಲಸ ಶುರುವಾಯಿತು. ಎರಡೂ ಕಾರ್ಡು ಪೆಟ್ಟಿಗೆಗೆ ಹೋದವು. ಕೀಲಿಯಮ್ಮ ಪರದೆ ನೋಡಿ ಬೆರಳಚ್ಚು ಓದತೊಡಗಿದಳು. ಸೊಸೆ ಹಾಳೆಯ ಮೇಲೆ ಗುರುತು ಹಾಕುತ್ತ ಹೋದಳು. ನಾಲ್ಕು, ಎ, ಒಂಬತ್ತು, ಸಿ. ಮಗ್ಗಿ ಹೇಳುವ ಮಕ್ಕಳ ರಾಗ ಬಂದುಬಿಟ್ಟಿತ್ತು. ಎಲ್ಲೂ ಒಂದು ತೊಡಕಿಲ್ಲ. ಸೊಸೆಯ ತಲೆ ಒಂದೊಂದು ಅಕ್ಷರಕ್ಕೂ ಆಡುತ್ತಿತ್ತು. ಕೀಲಿಯಮ್ಮನಿಗೆ ಯಾಕೋ ಬೇಸರವಾಯಿತು.

ಅಷ್ಟರಲ್ಲಿ ಪೆನ್ನು ನಿಂತಿತು. ಸೊಸೆ ಪೆನ್ನು ಕೆಳಗಿಟ್ಟು ಹಾಳೆಯ ಮೇಲೆ ಅಂಗೈ ಇಟ್ಟಳು.

"ನಿಲ್ಲಿಸಿ."

ಕೀಲಿಯಮ್ಮನ ಬಾಯಿ ರೂಢಿಯ ಭರದಲ್ಲಿ ಇನ್ನೂ ಎರಡಕ್ಷರ ಓದಿಯೇ ನಿಂತಿತು.

"ಯಾಕೆ? ತಾಳೆ ಆಗ್ತಿಲ್ವಾ?" ಸಾಹೇಬರು ಎದ್ದರು.

"ಎಲ್ಲಾ ತಾಳೆ ಆಗ್ತಿದೆ ಸಾರ್."

"ಮತ್ತೇನಮ್ಮಾ?"

"ಹಾಳೆ ಬೆಚ್ಚಗಿದೆ."

ಸಾಹೇಬರು ಕೀಲಿಯಮ್ಮನ ಮುಖ ನೋಡಿದರು.

"ಸರ್ವರ್ ವಿಭಾಗದ ಕಟ್ಟಡದಿಂದ ಲಕೋಟೇಲಿ ಬಂದ ಹಾಳೆ ಬೆಚ್ಚಗೆ ಯಾಕಿರುತ್ತೆ? ಮಡಿಸಿದ ಗೆರೇನೂ ಇಲ್ಲ. ಇಲ್ಲೇ ಪ್ರಿಂಟ್ ಹಾಕಿದ್ದು ಇದು. ಯಾವುದರಿಂದ ಹಾಕಿದ್ರಿ, ಮೇಡಂ?"

ಸೊಸೆ ಅವಳನ್ನು ಮೇಡಂ ಎಂದದ್ದು ಅದೇ ಮೊದಲು.

"ಡ್ರೈವಿಂದಲೇ," ಎಂದಳು ಕೀಲಿಯಮ್ಮ. ಕಿವಿ ಬಿಸಿಯಾಯಿತು.

"ಅಂದ್ರೆ ಡ್ರೈವನ್ನ ಡ್ರೈವಿನ ಜೊತೆಗೇ ಹೋಲಿಸ್ತಾ ಕೂತಿದ್ದೀವಿ. ದಾರೀಲಿ ಯಾರಾದ್ರೂ ಫೈಲು ಬದಲಾಯಿಸಿದ್ರೆ ಈ ಬೆರಳಚ್ಚೂ ಅವರದ್ದೇ. ತಾಳೆ ಆಗದೆ ಇನ್ನೇನು ಮಾಡುತ್ತೆ? ಹುಡುಗ ಹೇಗೆ ಅಂತ ಹುಡುಗನ ಅಮ್ಮನನ್ನೇ ಕೇಳಿದ ಹಾಗೆ."

ಕೀಲಿಯಮ್ಮ ತಲೆ ಎತ್ತಿದಳು. ಮನೆಯಲ್ಲಿ ಮಗನ ಮಾತು ಬಂದರೆ ಎದ್ದು ಒಳಗೆ ಹೋಗುವ ಹುಡುಗಿ ಇವಳು.

"ಸಂಜೆಗೆ ಹಳೇ ಸರ್ಟಿಫಿಕೇಟ್ ಮುಗಿದುಹೋಗುತ್ತೆ ರೀ!" ಸಾಹೇಬರ ದನಿ ಏರಿತು. "ಲಿಫ್ಟಲ್ಲಿ ಸಿಕ್ಕಿಕೊಂಡೋರು ಗುಂಡಿ ಒತ್ತಿದ್ರೆ ಕೇಳಿಸಿಕೊಳ್ಳೋರು ಯಾರು?"

"ಬೇರೆಯವರ ಫೈಲಿಗೆ ಸಹಿ ಹಾಕಿಕೊಟ್ರೆ ಅವರು ಕೇಳಿಸಿಕೊಳ್ತಾರೆ ಸಾರ್. ಅದೂ ನಮ್ಮ ಹೆಸರಲ್ಲಿ."

ಸಾಹೇಬರು ಕೀಲಿಯಮ್ಮನ ಕಡೆ ತಿರುಗಿದರು. "ನಿಮ್ಮ ಸೊಸೆಗೆ ಒಂದು ಮಾತು ಹೇಳ್ರೀ."

"ಯಾವ ಸೊಸೆ ಸಾರ್?" ಕೀಲಿಯಮ್ಮ ಪೆಟ್ಟಿಗೆಯಿಂದ ತನ್ನ ಕಾರ್ಡು ಎಳೆದುಕೊಂಡಳು. "ಇಲ್ಲಿ ಸಾಕ್ಷಿ ಇದ್ದಾರೆ. ನಿಲ್ಲಿಸಿ ಅಂದಿದ್ದಾರೆ. ನಿಂತಿದೆ."

ಹಲ್ಲು ಕೀಳಿಸಲು ಹೋದವನಿಗೆ ಫೋನು ಹೋಯಿತು. ಅವನು ಬರುವವರೆಗೆ ಅತ್ತೆ ಸೊಸೆ ಹೊರಗಿನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿ ಕೂತರು. ಕೀಲಿಯಮ್ಮ ಮಾತಿಗೆ ದಾರಿ ಹುಡುಕುತ್ತಿದ್ದಳು. ಸೊಸೆಯೇ ಶುರುಮಾಡಿದಳು.

"ಹೆಣ್ಣು ನೋಡೋಕೆ ಬಂದಾಗ ಹೇಳಿದ್ರಿ ನೀವು, ನನ್ನ ಮಗ ಕೋಳಿ ಕೂಗೋ ಮುಂಚೆ ಏಳ್ತಾನೆ ಅಂತ."

"ಹೇಳಿದ್ದೆ."

"ಒಂದು ದಿನಾನೂ ಎದ್ದಿಲ್ಲ."

ಕೀಲಿಯಮ್ಮನಿಗೆ ತುತ್ತು ನೆತ್ತಿಗೇರಿತು. ಕೆಮ್ಮಿ, ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಬೇರೆ ಕಡೆ ವಿಚಾರಿಸಬೇಕಿತ್ತು ಕಣೇ ನೀನು!"

"ವಿಚಾರಿಸಿದ್ದೆ. ನಿದ್ದೆಬಡುಕ ಅಂತ ಗೊತ್ತಿತ್ತು." ಸೊಸೆ ಡಬ್ಬಿಯನ್ನೇ ನೋಡುತ್ತಿದ್ದಳು. "ಗೊತ್ತಿದ್ದೇ ಒಪ್ಪಿದ್ದು."

ಕೀಲಿಯಮ್ಮ ಡಬ್ಬಿಯನ್ನು ಅವಳತ್ತ ಸರಿಸಿದಳು. ಸೊಸೆ ಒಂದು ತುತ್ತು ಬಾಯಿಗಿಟ್ಟಳು.

"ಅತ್ತೆ, ಉಪ್ಪು ಕಡಿಮೆ ಆಗಿದೆ."

ಆ ಮಾತನ್ನು ಕೀಲಿಯಮ್ಮ ಬಹುಮಾನದ ಹಾಗೆ ಎದೆಗೆ ಇಳಿಸಿಕೊಂಡಳು.

ಹಲ್ಲಿನವನು ಕೆನ್ನೆ ಊದಿಸಿಕೊಂಡು ಬಂದ. ಸರ್ವರಿನಿಂದಲೇ ತೆಗೆದ ಬೆರಳಚ್ಚಿನ ಹಾಳೆಯನ್ನು ಮೂರು ಮಡಿಕೆ ಮಾಡಿ ಲಕೋಟೆಯಲ್ಲಿ ಅಂಟಿಸಿ ತಂದಿದ್ದ. ಕೀಲಿಯಮ್ಮ ಬಾಗಿಲಲ್ಲಿ ಅವನ ಚೀಟಿ ಹಿಡಿದು ನೋಡಿದಳು. "ಫೋಟೋದಲ್ಲಿ ಈ ಕೆನ್ನೆ ಇಲ್ಲವಲ್ಲಪ್ಪಾ."

ಅವನು ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಏನೋ ಬೈದ. ದನಿಯೇನೋ ಅವನದೇ. ಆದರೂ ಚೀಟಿಯ ಹಿಂದುಮುಂದು ನೋಡಿ, ಸಹಿ ಹಾಕಿಸಿಕೊಂಡೇ ಲಕೋಟೆ ತೆಗೆದುಕೊಂಡಳು.

ಮತ್ತೆ ಮೊದಲಿನಿಂದ ಓದಿದರು. ಈ ಸಲ ರಾಗವಿರಲಿಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ, ಸೊಸೆಯ ಪೆನ್ನು ಏಳುವವರೆಗೆ ಕಾದು, ಮುಂದಿನದು. ಕೊನೆಯ ಅಕ್ಷರದವರೆಗೂ ತಾಳೆಯಾಯಿತು. ಬೆಚ್ಚಗಿನ ಹಾಳೆಗೂ ತಣ್ಣಗಿನ ಹಾಳೆಗೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

"ನೋಡಿದ್ರಾ?" ಸಾಹೇಬರು ಮೇಜು ತಟ್ಟಿದರು. "ಮೊದಲೇ ಸರಿ ಇತ್ತು. ಅರ್ಧ ದಿನ ಹಾಳು."

ಸೊಸೆಯ ಮುಖ ಬಾಡಿತು. ಕೀಲಿಯಮ್ಮ ಅವಳನ್ನು ಬಾಯಿ ತೆರೆಯಲು ಬಿಡಲಿಲ್ಲ.

"ಆಗ ಸರಿ ಇದೆ ಅಂದ್ಕೊಂಡಿದ್ವಿ ಸಾರ್. ಈಗ ಗೊತ್ತಿದೆ. ನಿಮ್ಮ ಕಾರ್ಡು ಹಾಕಿ."

ಪೆಟ್ಟಿಗೆಯ ಹಸಿರು ದೀಪ ಹೊತ್ತಿತು. ಹೊತ್ತು ಮುಳುಗುವ ಮೊದಲೇ ಹೊಸ ಸರ್ಟಿಫಿಕೇಟ್ ಸರ್ವರಿಗೆ ಏರಿತು. ಲಿಫ್ಟುಗಳು ಕೇಳಿದವು, ನೋಡಿದವು, ಒಪ್ಪಿದವು.

ಉಳಿದದ್ದು ವರದಿ. 'ಕೆಲಸ ನಿಂತಿತೇ? ಏಕೆ?' ಎಂಬ ಕಡೆ ಕೀಲಿಯಮ್ಮ ಯಾವಾಗಲೂ ಒಂದು ಅಡ್ಡಗೆರೆ ಎಳೆದು ಮುಗಿಸುತ್ತಿದ್ದಳು. ಸಾಹೇಬರು ಬಗ್ಗಿ ಮೆಲ್ಲಗೆ, "ಇದನ್ನೆಲ್ಲ ಯಾಕೆ ಬರೀತೀರಿ? ನಿಮ್ಮ ಹೆಸರಿಗೇ ಕಲೆ," ಎಂದರು. ತಮ್ಮ ಸಲಹೆಯೂ ಅಲ್ಲಿ ಬರಬೇಕಾದೀತು ಎಂಬ ಅಳುಕು ಅವರ ಮುಖದಲ್ಲಿತ್ತು. ಕೀಲಿಯಮ್ಮ ಕನ್ನಡಕ ಸರಿಮಾಡಿಕೊಂಡು ಗುಂಡಗೆ ಬರೆದಳು: ಸಾಕ್ಷಿ ನಿಲ್ಲಿಸಿದರು. ತಪ್ಪು ನನ್ನದು. ಸಲಹೆ ಸಾಹೇಬರದು. ಸಹಿ ಎಂದಿಗಿಂತ ದೊಡ್ಡದಾಗಿಯೇ ಬಂತು.

ಸಂಜೆ ಮನೆಯ ಕಟ್ಟಡದಲ್ಲಿ ಮೇಲ್ಮನೆಯಾಕೆ ಲಿಫ್ಟಿಗೆ ಕಾಯುತ್ತಿದ್ದಳು. "ಏನಮ್ಮಾ, ಮುಖ ಇಷ್ಟು ಅರಳಿದೆ ಇವತ್ತು? ಬಡ್ತಿ ಗಿಡ್ತಿ ಸಿಕ್ತಾ?"

"ಬಡ್ತಿಯಲ್ಲ ಕಣ್ರೀ!" ಕೀಲಿಯಮ್ಮ ಸೊಸೆಯ ಭುಜ ಹಿಡಿದು ಮುಂದೆ ತಂದಳು. "ಇವಳು ಇವತ್ತು ಎಲ್ಲರೆದುರು ನನ್ನ ತಪ್ಪು ಹಿಡಿದು ನಿಲ್ಲಿಸಿಬಿಟ್ಟಳು."

ಮೇಲ್ಮನೆಯಾಕೆಗೆ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. ಸೊಸೆಯ ಮುಖ ನೋಡಿದಳು.

"ಊಟಕ್ಕೆ ಉಪ್ಪೂ ಕಡಿಮೆ ಹಾಕಿದ್ರು," ಎಂದಳು ಸೊಸೆ, ಲಿಫ್ಟಿನ ಗುಂಡಿ ಒತ್ತುತ್ತ.