ಬೆನ್ನಿಗೆ ಬಿದ್ದ ಖೋ

"ನೋಡಿಲ್ಲಿ, ಇವತ್ತ ಮುಂಜಾನೆ ಗ್ರೌಂಡಿನ್ಯಾಗ ಹೆಂಗ ಹಾರ್ಯಾನ ನಿನ್ನ ಮಗ!" ಫಕೀರಪ್ಪ ಮೊಬೈಲನ್ನು ಹೆಂಡತಿಯ ಮೂಗಿಗೇ ಹಿಡಿದ.

ಬಸವಣ್ಣೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಮುಂಜಾನೆ ಇಲ್ಲೇ ಗೊರಕಿ ಹೊಡೀತಿದ್ನಲ್ರಿ."

"ಅದನ್ನs ನಾನೂ ಕೇಳಾಕತ್ತೀನಿ."

ವಿಡಿಯೊದಲ್ಲಿ ಅಭಯ ಕಂಬದತ್ತ ಜಿಗಿದು ಎದುರಾಳಿಯನ್ನು ಮುಟ್ಟಿ, ಮಣ್ಣಲ್ಲಿ ಉರುಳಿ, ನಗುತ್ತ ಎದ್ದು ನಿಲ್ಲುತ್ತಿದ್ದ. 'ಇಂದಿನ ಬೆವರು. ಶನಿವಾರ ಸಿಗೋಣ' ಎಂದು ಕೆಳಗೆ ಹಿಂದಿಯಲ್ಲಿತ್ತು. ಆ ವಾರದ ಮರಾಠಿ ಪತ್ರಿಕೆ ಬೇರೆಯದನ್ನೇ ಹೇಳುತ್ತಿತ್ತು: ಖೋ-ಖೋ ಲೀಗಿನ ಆಟಗಾರ ಅಭಯನ ಬಲಮೊಣಕಾಲಿನ ಲಿಗಮೆಂಟ್ ಹರಿದಿದೆ, ತಂಡ ಅದನ್ನು ಮುಚ್ಚಿಡುತ್ತಿದೆ, ಇನ್ನೊಮ್ಮೆ ಬಿದ್ದರೆ ನಡೆಯುವುದೂ ಕಷ್ಟ. ಹೇಳಿದವರು ಯಾರು? 'ತಂಡದ ಆಪ್ತರು.' ಆಪ್ತರಿಗೆ ಹೆಸರೇ ಇರಲಿಲ್ಲ.

ಫಕೀರಪ್ಪ ಮದ್ದುಗುಂಡಿನ ಆರ್ಡ್ನನ್ಸ್ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ತಲೆ ಹಣ್ಣಾಗಿಸಿಕೊಂಡವನು. ಮುದ್ರೆ ಬೀಳದ ಯಾವ ಮಾಲನ್ನೂ ನಂಬಿದವನಲ್ಲ. ಪತ್ರಿಕೆಯೇ ಸುಳ್ಳೆಂದು ಸದರ್ ಪೇಟೆಯ ಚಹಾದಂಗಡಿಯಲ್ಲಿ ಎಲ್ಲರೊಂದಿಗೂ ಜಗಳ ಕಾಯ್ದಿದ್ದ. ಈಗ ಮಗನ ಮೇಲೂ ಅನುಮಾನ ಹುಟ್ಟಿತು.

ರಜೆಯೆಂದು ಮನೆಗೆ ಬಂದ ಅಭಯ, ಕೇಳಿದಾಗಲೆಲ್ಲ ನಕ್ಕಿದ್ದ. "ಪೇಪರಿನವ್ರಿಗೆ ಕೆಲ್ಸ ಇಲ್ರಿ ಅಪ್ಪಾ. ಕಾಲು ಏಕದಂ ಬರೋಬರ್ ಐತಿ." ಬರೋಬರ್ ಇದ್ದ ಕಾಲು ಊಟಕ್ಕೆ ನೆಲದ ಮೇಲೆ ಕೂರುವಾಗ ಯಾಕೆ ಮಡಚಿಕೊಳ್ಳುವುದಿಲ್ಲ? ತಾಟು ಹಿಡಿದು ದಿವಾನದ ಮೇಲೇ ಯಾಕೆ ಕೂರಬೇಕು? ಮೆಟ್ಟಿಲು ಇಳಿಯುವಾಗ ಎಲ್ಲರನ್ನೂ ಮುಂದೆ ಯಾಕೆ ಬಿಡಬೇಕು? ಪತ್ರಿಕೆ ನಿಜವಾದರೆ ಶನಿವಾರದ ಪಂದ್ಯಕ್ಕೆ ಇಳಿಯದಂತೆ ಇವನನ್ನು ತಡೆಯುವವರು ಯಾರು? ತಾನಾಗಿ ನಿಲ್ಲುವ ಜಾತಿಯಲ್ಲ ಅದು; ಫಕೀರಪ್ಪನಿಗೆ ತನ್ನ ರಕ್ತ ಗೊತ್ತಿತ್ತು.

ಖೋ-ಖೋ ಕಲಿಸಿದವನೂ ಅವನೇ. ಫ್ಯಾಕ್ಟರಿ ಕಾಲೊನಿಯ ಮೈದಾನದಲ್ಲಿ ಹುಡುಗರನ್ನು ಸಾಲಾಗಿ, ಒಬ್ಬನ ಮುಖ ಆಚೆ, ಪಕ್ಕದವನ ಮುಖ ಈಚೆ ಮಾಡಿ ಕೂರಿಸುತ್ತಿದ್ದ. ಬೆನ್ನಿಗೆ ಕೈ ತಾಗಿ 'ಖೋ' ಎಂದರೆ ಅಭಯ ಸಿಡಿದೇಳುತ್ತಿದ್ದ. ಆಮೇಲೆ ಅದು ಮನೆಯ ಚೇಷ್ಟೆಯೂ ಆಯಿತು. ಉಣ್ಣುವಾಗ, ಓದುವಾಗ ಅಪ್ಪ ಹಿಂದಿನಿಂದ ಬಂದು ಖೋ ಅನ್ನುವುದು, ಮಗ ತಾಟು ಬಿಟ್ಟು ಜಿಗಿಯುವುದು, ಅವ್ವ ಇಬ್ಬರನ್ನೂ ಬೈಯುವುದು. ಜ್ವರದಲ್ಲೂ ಹುಡುಗ ಏಳದೆ ಇದ್ದವನಲ್ಲ.

ಮಧ್ಯಾಹ್ನ ಅಭಯ ಹಿತ್ತಲ ಬಾಗಿಲಿನ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು, ಅಭಿಮಾನಿಗಳು ಬರೆದದ್ದನ್ನು ಮೊಬೈಲಿನಲ್ಲಿ ಓದುತ್ತ ಕೂತಿದ್ದ. ಫಕೀರಪ್ಪ ಬರಿಗಾಲಲ್ಲಿ ಹಿಂದೆ ಬಂದ. ಒಲೆಯ ಮುಂದಿದ್ದ ಬಸವಣ್ಣೆವ್ವನಿಗೆ ಗೊತ್ತಾಗಿಹೋಯಿತು. "ಬ್ಯಾಡ್ರಿ" ಅನ್ನುವಷ್ಟರಲ್ಲಿ ಕೈ ಬೆನ್ನಿಗೆ ಬಿದ್ದಿತ್ತು.

"ಖೋ!"

ಎರಡೂ ಕೈ ಕಲ್ಲನ್ನು ಒತ್ತಿದವು, ಭುಜ ಮುನ್ನುಗ್ಗಿತು, ಎಡಪಾದ ನೆಲ ಕಚ್ಚಿತು. ಬಲಗಾಲು ಬರಲಿಲ್ಲ. ಅರ್ಧ ಎದ್ದ ಮೈ ಹಾಗೇ ಕುಸಿದು ಕೂತಿತು. ಮೊಬೈಲು ಹಿತ್ತಲಿಗೆ ಬಿತ್ತು.

"ಯಾವಾಗಿನ ವಿಡಿಯೊ ಅದು?" ಫಕೀರಪ್ಪನ ದನಿ ಸಣ್ಣದಾಗಿತ್ತು.

"ಮಳಿಗಾಲಕ್ಕಿಂತ ಮೊದ್ಲಿಂದ್ರಿ. ಟೀಮಿನವ್ರs ಹಾಕ್ತಾರ. ನನ್ನ ಅಕೌಂಟ್ ಅವ್ರ ಕೈಯಾಗ ಐತಿ."

"ಶನಿವಾರ?"

"ನೋವು ತಿಳೀಲಾರ್ದಂಗ ಸೂಜಿ ಮಾಡಿ ಆಡಸ್ತಾರಂತ." ಅಭಯ ತಿರುಗಿ ನೋಡಲಿಲ್ಲ. "ಪೇಪರಿನವ್ರು ಅನುಮಾನ ಪಟ್ರು, ಇರ್ಲಿ. ನೀವು ಖೋ ಕೊಟ್ಟು ನೋಡಬಾರ್ದಿತ್ರಿ ಅಪ್ಪಾ."

ಫಕೀರಪ್ಪನಿಗೆ ಬಹಳ ನಾಚಿಕೆಯಾಯಿತು. ನಿಜ ಕೈಗೆ ಸಿಕ್ಕಿತ್ತು, ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಗೋಡೆ ಹಿಡಿದು, ಮಂಡಿ ಮಡಚಿ, ಮಗನ ಪಕ್ಕದಲ್ಲೇ ಕೂತ, ಮುಖ ಮನೆಯ ಒಳಗೆ ಮಾಡಿ.

"ಶನಿವಾರ ಯಾರು ಖೋ ಅಂದ್ರೂ ಏಳಬ್ಯಾಡ" ಅಂದ.

ಅಭಯನ ಭುಜ ಅಪ್ಪನ ಭುಜಕ್ಕೆ ಒರಗಿತು. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಬಸವಣ್ಣೆವ್ವನಿಗೆ ಅಲ್ಲಿಂದ ಒಬ್ಬನ ಮುಖ, ಇನ್ನೊಬ್ಬನ ಬೆನ್ನು ಕಾಣುತ್ತಿತ್ತು.